ಮೆಹಂದಿಯ ಮರುದಿನದ ಗಂಜಿ

ನಮ್ಮ ಕುಟುಂಬದಲ್ಲಿ ಯಾರ ಮದುವೆ ನಿಶ್ಚಯವಾದರೂ, ಹಾಲ್ ಸಿಕ್ಕಿದ ಮೇಲೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದದ್ದು ನಾನು. ಇದನ್ನು ಹೆಮ್ಮೆಯ ಮಾತೆಂದು ತಿಳಿಯಬೇಡಿ. ಮದುವೆಯ ಹಿಂದಿನ ದಿನ ಮೆಹಂದಿ. ಮೆಹಂದಿ ಎಂದರೆ ನಮ್ಮ ಕಡೆ ಅಂಗಳಕ್ಕೆ ಶಾಮಿಯಾನ, ಕಿವಿ ಒಡೆಯುವ ಡಿಜೆ, ಕೋಳಿ ಸುಕ್ಕ, ಮತ್ತು ಮನೆಯ ಹಿಂಬದಿಯ ಶೆಡ್ಡಿನಲ್ಲಿ ಗಂಡಸರ ಗ್ಲಾಸುಗಳು. ಮರುದಿನ ಬೆಳಿಗ್ಗೆ ಅದೇ ಗಂಡಸರು ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ, ಮಂಟಪದ ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕು. ಅವರನ್ನು ಹಾಗೆ ನಿಲ್ಲಿಸುವ ಕೆಲಸ ನನ್ನದಾಗಿತ್ತು.

ನಾನು ಬೆಳ್ತಂಗಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು. ವಾಮದಪದವಿನ ಪೇಟೆಗೆ ತಾಗಿದ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಆಗಲಿಲ್ಲ ಎಂದು ಹೇಳಿ ಮುಗಿಸಿದ್ದೇನೆ, ಇಲ್ಲಿಯೂ ಅಷ್ಟೇ.

ಈ ಕೆಲಸ ನನಗೆ ಅಂಟಿಕೊಂಡದ್ದು ಅಕ್ಕನ ಗಂಡನಿಂದ. ಅವರ ತಂಗಿಯ ಮದುವೆ. ಆಗ ನಮ್ಮ ಕಡೆಗೆ ಮೆಹಂದಿ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಕುಡಿಯುವುದು ಮಾತ್ರ ಬಂದಾಗಿತ್ತು. ತಂಗಿಯನ್ನು ಧಾರೆ ಎರೆದು ಕೊಡಬೇಕಾದ ಅಣ್ಣನೇ ಬೆಳಿಗ್ಗೆ ಜಗಲಿಯ ಬೆಂಚಿನ ಮೇಲೆ ಕವುಚಿ ಬಿದ್ದಿದ್ದರು. ತಲೆಗೆ ತಣ್ಣೀರು ಹೊಯ್ಯಬೇಕು ಎಂದು ಒಬ್ಬರು, ನಿನ್ನೆಯದ್ದರಲ್ಲೇ ಒಂದು ಗುಟುಕು ಕೊಟ್ಟರೆ ಸರಿಯಾಗುತ್ತದೆ ಎಂದು ಇನ್ನೊಬ್ಬರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಒಲೆಯ ಮೇಲೆ ಕೆಲಸದವರಿಗಾಗಿ ಕುಚ್ಚಲಕ್ಕಿ ಗಂಜಿ ಬೇಯುತ್ತಿತ್ತು. ಅದರ ತಿಳಿಯನ್ನು ಬಸಿದು, ಉಪ್ಪು ಹಾಕಿ, ಬೆಂಚಿನ ಪಕ್ಕ ಕೂತು ಚಮಚದಲ್ಲಿ ಕುಡಿಸಿದೆ. ಕಕ್ಕಿದರು. ಬಾಯಿ ಒರೆಸಿ ಮತ್ತೆ ಕುಡಿಸಿದೆ. ಮುಹೂರ್ತದ ಹೊತ್ತಿಗೆ ಭಾವ ಎದ್ದು, ಸ್ನಾನ ಮಾಡಿ, ನೀರು ಚೆಲ್ಲದೆ ಧಾರೆ ಎರೆದರು. ಆ ದಿನದಿಂದ ಮನೆಯವರೆಲ್ಲ ನನ್ನನ್ನು ಈ ವಿಷಯದಲ್ಲಿ ದೊಡ್ಡ ಡಾಕ್ಟರೆಂದು ಮಾಡಿಬಿಟ್ಟರು.

ನಾನು ಒಂದು ಹನಿ ಕುಡಿದವಳಲ್ಲ. ಆದರೆ ಮುಂಡಾಜೆಯಲ್ಲಿ, ಗುರುವಾಯನಕೆರೆಯಲ್ಲಿ, ಮೂಡುಬಿದಿರೆಯಲ್ಲಿ, ಎಲ್ಲೆಲ್ಲಿ ನಮ್ಮವರ ಮದುವೆಯಾಯಿತೋ ಅಲ್ಲೆಲ್ಲ ಬೆಳಗಾಗುವ ಮೊದಲು ಎದ್ದು ಅಮಲು ಇಳಿಯದವರ ಮುಖಗಳನ್ನು ನೋಡಿದ್ದೇನೆ. ಕೆಲವರು ಬೆಳಕಿಗೆ ಕಣ್ಣು ಬಿಡಲಾರದೆ ಟವೆಲ್ ಹೊದ್ದುಕೊಂಡು ಕೂರುತ್ತಾರೆ. ಕೆಲವರು ತಮಗೆ ಏನೂ ಆಗಿಲ್ಲವೆಂದು ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಮಾತಾಡುತ್ತಾರೆ, ಅಂಥವರೇ ಮೊದಲು ಕಕ್ಕಲು ಬಾಳೆಯ ಬುಡಕ್ಕೆ ಓಡುವವರು. "ಒಂದು ತಲೆನೋವಿನ ಮಾತ್ರೆ ಕೊಡು ಮಾರಾಯ್ತಿ" ಎಂದು ಕೇಳದವರೇ ಇಲ್ಲ. ಕುಡಿದ ಹೊಟ್ಟೆಗೆ ಮಾತ್ರೆ ನಾನು ಕೊಡುವುದಿಲ್ಲ. ಖಾಲಿ ಹೊಟ್ಟೆಗೆ ಕರಿ ಕಾಫಿಯನ್ನೂ ಕೊಡುವುದಿಲ್ಲ. ಮೊದಲು ನೀರು, ಆಮೇಲೆ ಗಂಜಿಯ ತಿಳಿ, ಅದು ನಿಂತರೆ ಪುನರ್ಪುಳಿ ಹಣ್ಣಿನ ಹುಳಿ ಶರಬತ್ತು, ಎಳನೀರಿನ ಬೊಂಡ ಸಿಕ್ಕಿದರೆ ಬೊಂಡ, ಕೊನೆಗೆ ಮೆತ್ತಗಿನ ಗಂಜಿ. ಅಲ್ಲಿಯವರೆಗೆ ಅವರ ಸ್ಕೂಟರಿನ ಕೀ ನನ್ನ ಸೊಂಟದಲ್ಲಿ.

ನಿಜ ಹೇಳಬೇಕೆಂದರೆ ಇಳಿಸುವುದು ಗಂಜಿಯಲ್ಲ, ಹೊತ್ತು. ಹೊತ್ತು ಹೋಗುವವರೆಗೆ ಹೊಟ್ಟೆಗೆ ಏನಾದರೂ ಬೇಕಲ್ಲ, ಅದಕ್ಕೆ ಗಂಜಿ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನನ್ನನ್ನು ಕರೆಯುವ ಕಾರಣವೇ ಹೋಗುತ್ತಿತ್ತು.

ಎಲ್ಲಕ್ಕಿಂತ ಕೆಟ್ಟ ಬೆಳಗು ಭಾನುವಾರದ್ದು. ಮದುವೆ ಭಾನುವಾರವಾದರೆ ಮೆಹಂದಿ ಶನಿವಾರ ಬೀಳುತ್ತದೆ. ನಮ್ಮಲ್ಲಿ ಶನಿವಾರ ಮೀನು ಮಾಂಸ ಮುಟ್ಟದ ಗಂಡಸರು ತುಂಬ ಜನ. ಆದರೆ ಗ್ಲಾಸು ಮುಟ್ಟಬಾರದೆಂದು ಅವರಿಗೆ ಯಾರೂ ಹೇಳಿಲ್ಲ. "ಅದು ಮಾಂಸ ಅಲ್ಲವಲ್ಲ" ಎನ್ನುತ್ತಾರೆ, ಏನೋ ದೊಡ್ಡ ವ್ರತ ಮಾಡಿದವರ ಹಾಗೆ. ಎದುರಿಗೆ ಕೋಳಿ ಹೋಗುತ್ತಿರುತ್ತದೆ, ಇವರು ಮುಖ ತಿರುಗಿಸಿ ಬರೀ ಹೊಟ್ಟೆಗೆ ಕುಡಿಯುತ್ತಿರುತ್ತಾರೆ. ಮರುದಿನ ಇವರನ್ನು ಎಬ್ಬಿಸುವಷ್ಟರಲ್ಲಿ ನನಗೆ ಸಾಕೋ ಸಾಕು. ಕೊನೆಗೆ ನಾನೇ ಶನಿವಾರದವರಿಗೆಂದು ಕಡ್ಲೆ ಉಸ್ಲಿ, ಬೇಯಿಸಿದ ನೆಲಗಡಲೆ ಮಾಡಿ ಶೆಡ್ಡಿಗೆ ಮೊದಲೇ ಕಳಿಸಲು ಶುರು ಮಾಡಿದೆ. ಜೊತೆಗೆ ಒಂದು ದೊಡ್ಡ ಜಗ್ ನೀರು. ಹೊಟ್ಟೆಗೆ ಹಾಕಿಕೊಳ್ಳದೆ ಕೂತವರಿಗೆ ಬೆಳಿಗ್ಗೆ ನನ್ನ ಗಂಜಿ ಇಲ್ಲವೆಂದು ಹೆದರಿಸುತ್ತಿದ್ದೆ. ಹೆದರುತ್ತಿದ್ದರು ಕೂಡ.

ಆ ಬೆಳಗಿನ ಹೊತ್ತು ನನಗೆ ಇಷ್ಟವಾಗಿತ್ತು. ಬೇರೆ ದಿನ ನನ್ನೊಡನೆ ಎರಡು ಮಾತು ಆಡಲು ಪುರುಸೊತ್ತಿಲ್ಲದವರು ಆಗ ಬಟ್ಟಲು ಹಿಡಿದುಕೊಂಡು ನನ್ನ ಪಕ್ಕ ಕೂರುತ್ತಿದ್ದರು. ತಲೆ ಎತ್ತಲಾರದವರಿಗೆ ಜಂಬವೂ ಇರುವುದಿಲ್ಲ. ಹೆಂಡತಿಯೊಡನೆ ಜಗಳವಾದದ್ದು, ಮಗ ಫೇಲಾದದ್ದು, ರಬ್ಬರ್ ಹಾಲು ಇಳಿಯದ್ದು, ಎಲ್ಲ ಹೇಳುತ್ತಿದ್ದರು. ಬಿಸಿಲು ಏರಿ, ಪಂಚೆ ಉಟ್ಟು ಹೊರಟ ಮೇಲೆ ಅವರಿಗೆ ನನ್ನ ನೆನಪಿರುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಫೋನ್ ಇಲ್ಲ, ಬನ್ನಿ ಎಂಬ ಮಾತಿಲ್ಲ. ಮುಂದಿನ ಮೆಹಂದಿಯವರೆಗೆ ನಾನು ವಾಮದಪದವಿನಲ್ಲಿ ಇದ್ದೇನೋ ಇಲ್ಲವೋ ಯಾರೂ ವಿಚಾರಿಸುತ್ತಿರಲಿಲ್ಲ. ಈ ತಲೆನೋವು ಒಂದು ಇಲ್ಲದಿದ್ದರೆ ಇವರು ನನ್ನನ್ನು ಕರೆಯುತ್ತಿದ್ದರೇ ಎಂದು ಬಸ್ಸಿನಲ್ಲಿ ಹಿಂದೆ ಬರುವಾಗಲೆಲ್ಲ ಅನಿಸುತ್ತಿತ್ತು. ಉತ್ತರ ಬೇಡವೆಂದು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅಕ್ಕನ ಸಣ್ಣ ಮಗನ ಮದುವೆ ನಿಶ್ಚಯವಾದದ್ದು ಇತ್ತೀಚೆಗೆ. ಅಕ್ಕನ ಮನೆ ಇರುವುದು ಮೂಡುಬಿದಿರೆಯ ಹತ್ತಿರ. ಮದುವೆ ಭಾನುವಾರ, ಮೂಡುಬಿದಿರೆಯದ್ದೇ ಒಂದು ಹಾಲ್‌ನಲ್ಲಿ, ಮಧ್ಯಾಹ್ನದ ಅಭಿಜಿನ್ ಲಗ್ನದಲ್ಲಿ. ಮದುವೆ ಕಾಗದ ಕೊಡಲು ಅಕ್ಕನ ದೊಡ್ಡ ಮಗ ಬಂದ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಚಿಕ್ಕಮ್ಮ, ಈ ಸಲ ನಿಮಗೆ ಏನೂ ಕೆಲಸ ಇಲ್ಲ. ಕೇಟರಿಂಗ್‌ನವರದ್ದೇ ಬೆಳಿಗ್ಗೆ ಗಂಜಿ ಕೌಂಟರ್ ಉಂಟು. ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಎಲ್ಲ. ನೀವು ಸುಮ್ಮನೆ ಬಂದು ಕೂತ್ರೆ ಸಾಕು" ಎಂದ.

"ನಿಮ್ಮ ಅಪ್ಪನಿಗೆ ಆ ಗಂಜಿ ಆಗ್ಲಿಕ್ಕುಂಟಾ?" ಎಂದು ಕೇಳಿದೆ.

"ಆಗ್ತದೆ ಚಿಕ್ಕಮ್ಮ. ಎಷ್ಟು ಸಮಯ ಅಂತ ನೀವು ಮಾಡುವುದು?"

ಹುಡುಗ ಪ್ರೀತಿಯಿಂದಲೇ ಹೇಳಿದ. ಅವನು ಹೋದ ಮೇಲೆ ಕಾಗದವನ್ನು ಎರಡು ಸಲ ಓದಿದೆ. ಕೆಲಸವಿಲ್ಲದೆ ಕರೆದಿದ್ದಾರೆ, ಬರೀ ನನ್ನನ್ನು ಕರೆದಿದ್ದಾರೆ ಎಂದು ಖುಷಿಯಾಯಿತು. ಅದರ ಹಿಂದೆಯೇ ಹೆದರಿಕೆಯೂ ಆಯಿತು. ಬರೀ ನಾನು ಹೋದರೆ ಅಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಬಂಟ್ವಾಳಕ್ಕೆ ಹೋಗಿ ಸೀರೆ ತೆಗೆದುಕೊಂಡೆ. ಆದರೂ ಮನಸ್ಸು ಕೇಳಲಿಲ್ಲ, ಮನೆಯಲ್ಲಿದ್ದ ಕುಚ್ಚಲಕ್ಕಿಯನ್ನೂ ಒಣ ಪುನರ್ಪುಳಿಯ ಕಟ್ಟನ್ನೂ ಚೀಲಕ್ಕೆ ಹಾಕಿಕೊಂಡು ಶನಿವಾರ ಸಂಜೆ ಅಕ್ಕನ ಮನೆಗೆ ಹೋದೆ.

ಅಡುಗೆಮನೆಗೆ ಕಾಲಿಡಲು ಜಾಗವಿರಲಿಲ್ಲ. ಒಂದೇ ಬಣ್ಣದ ಟೀಶರ್ಟ್ ಹಾಕಿದ ಹುಡುಗರು ದೊಡ್ಡ ದೊಡ್ಡ ಪಾತ್ರೆಗಳನ್ನು ಒಳಗೆ ಹೊರಗೆ ಸಾಗಿಸುತ್ತಿದ್ದರು. ನನ್ನ ಚೀಲವನ್ನು ಫ್ರಿಜ್ಜಿನ ಪಕ್ಕ ಇಟ್ಟು ಅಂಗಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಕ್ಕ ದೂರದಿಂದ ನಕ್ಕು, ಬರ್ತೇನೆ ಎಂದು ಕೈಸನ್ನೆ ಮಾಡಿ ಹೋದಳು, ಬರಲಿಲ್ಲ. ಮದುಮಗನ ತಾಯಿ, ಅವಳನ್ನು ದೂರಲಾರೆ. ಭಾವ ಶೆಡ್ಡಿನ ಕಡೆ ಹೋಗುತ್ತಾ ನನ್ನನ್ನು ನೋಡಿ "ಬಂದೆಯಾ? ಒಳ್ಳೆಯದಾಯ್ತು" ಎಂದರು. ಅವರೂ ಶನಿವಾರದವರು. ಕಡ್ಲೆ ಉಸ್ಲಿ ಇದೆಯೇ ಎಂದು ನೋಡಲು ಕಾಲು ತಾನಾಗಿ ಎದ್ದಿತು, ಸುಮ್ಮನೆ ಕೂತರೆ ಸಾಕು ಎಂದದ್ದು ನೆನಪಾಗಿ ಪುನಃ ಕೂತೆ.

ಆಗ ದೊಡ್ಡ ಮಗನ ಹೆಂಡತಿ ಬಂದು ನನ್ನ ಕೈ ಹಿಡಿದಳು. "ಚಿಕ್ಕಮ್ಮ, ಒಬ್ಬರೇ ಯಾಕೆ ಕೂತದ್ದು? ಬನ್ನಿ, ನಮ್ಮ ಒಟ್ಟಿಗೆ ಕೂತ್ಕೊಳ್ಳುವ." ಮನೆಯ ಬಲಬದಿಗೆ ಹೆಂಗಸರ ಒಂದು ಮೇಜು. ಎಲ್ಲರ ಎದುರೂ ಕೆಂಪು ವೈನ್. ನನ್ನ ಎದುರಿಗೂ ಒಂದು ಗ್ಲಾಸು ಇಟ್ಟಳು. "ದ್ರಾಕ್ಷಿಯದ್ದು ಚಿಕ್ಕಮ್ಮ, ಜ್ಯೂಸಿನ ಹಾಗೆಯೇ."

"ಇವತ್ತು ಶನಿವಾರ ಅಲ್ವಾ ಮಾರಾಯ್ತಿ, ನನಗೆ ಒಪ್ಪತ್ತು" ಎಂದೆ.

"ಇದು ಮಾಂಸ ಅಲ್ಲವಲ್ಲ!" ಎಂದಳು. ಮೇಜಿನವರೆಲ್ಲ ನಕ್ಕರು. ನನಗೂ ನಗು ಬಂತು. ಹೌದಲ್ಲ, ಮಾಂಸ ಅಲ್ಲವಲ್ಲ ಎಂದು ಅಷ್ಟು ವರ್ಷ ಬೈದ ನನ್ನ ಬಾಯಿಯೇ ಹೇಳಿತು.

ಮಧ್ಯಾಹ್ನ ಒಂದು ಊಟ ಮಾಡಿದ್ದೆ, ಆಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಸ್ಯಾಹಾರದ ಕೌಂಟರಿನಲ್ಲಿ ಗೋಬಿ ಖಾಲಿಯಾಗಿತ್ತು, ಇನ್ನೊಂದು ಸಲ ತರುತ್ತೇವೆ ಎಂದಿದ್ದರು. ಎದ್ದು ಹೋಗಿ ಕೇಳಿದರೆ ನನ್ನ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂರುತ್ತಾರೆ ಎಂದು ನಾನು ಏಳಲಿಲ್ಲ. ದೊಡ್ಡ ಮಗನ ಹೆಂಡತಿ ಕೇಳಿದಳೆಂದು ಹಳೆಯ ಮದುವೆಗಳ ಕಥೆ ಹೇಳಿದೆ. ಯಾವ ಮಾವ ಯಾವ ಬಾಳೆಯ ಬುಡದಲ್ಲಿ ಸಿಕ್ಕಿದರು, ಯಾರು ಗಂಜಿಯೆಂದು ಅಕ್ಕಿ ತೊಳೆದ ನೀರು ಕುಡಿದರು, ಎಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಗ್ಲಾಸು ಖಾಲಿಯಾದಾಗ ಯಾರೋ ತುಂಬಿಸಿದರು, ನಾನು ಬೇಡವೆನ್ನಲಿಲ್ಲ. ರುಚಿಗಾಗಿ ಕುಡಿಯಲಿಲ್ಲ. ಗ್ಲಾಸು ಎದುರಿಗಿರುವಷ್ಟು ಹೊತ್ತು ನಾನು ಆ ಮೇಜಿನವಳು, ಅದಕ್ಕೆ ಕುಡಿದೆ. ಅಷ್ಟು ಸಂತೋಷವಾಗಿ ನಾನು ಯಾವ ಮದುವೆಯಲ್ಲೂ ಕೂತಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಮಗ ಬಂದ. "ಚಿಕ್ಕಮ್ಮ, ಇಲ್ಲಿ ಡಿಜೆ ನಿಲ್ಲುವುದಿಲ್ಲ, ನಿಮಗೆ ನಿದ್ದೆ ಬರ್ಲಿಕ್ಕಿಲ್ಲ. ಬಾಡಿಗೆ ಕಾರು ಹೇಳಿದ್ದೇನೆ, ಮನೆಗೆ ಬಿಡ್ತಾರೆ. ಆರಾಮದಲ್ಲಿ ಮಲಗಿ, ನಾಳೆ ಹಾಲ್‌ಗೆ ಬನ್ನಿ." ಯಾವಾಗಲೂ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದವಳು ನಾನು, ಬೆಳಗ್ಗಿನ ಒಲೆಗೆ ಹತ್ತಿರ ಎಂದು. ಈಗ ಒಲೆ ನನ್ನದಲ್ಲವಾದ್ದರಿಂದ ಮೂಲೆಯೂ ಬೇಕಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕಾರಿನ ಬಾಗಿಲು ತೆಗೆದ, ಜಾಗ್ರತೆ ಎಂದ. ಹೆಂಗಸರ ಮೇಜಿನಿಂದ ಒಬ್ಬಿಬ್ಬರು ಕೈ ಬೀಸಿದರು.

ಬೆಳಿಗ್ಗೆ ಎಚ್ಚರವಾದಾಗ ಮನೆಯ ಹೆಂಚಿನ ಮಾಡು ಒಂದು ಬದಿಗೆ ವಾಲಿದ ಹಾಗೆ ಕಂಡಿತು. ಹಣೆಯ ಒಳಗೆ ಯಾರೋ ಸೌದೆ ಒಡೆಯುತ್ತಿದ್ದರು. ನಾಲಿಗೆ ಒಣಗಿ ಅಂಟಿತ್ತು. ಇದೇನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಎದ್ದು ಕೂತದ್ದೇ ಬಚ್ಚಲಿಗೆ ಓಡಿದೆ. ಗೋಡೆ ಹಿಡಿದು ನಿಂತು, ನನ್ನ ಹಣೆಯನ್ನು ನಾನೇ ಒತ್ತಿ ಹಿಡಿದುಕೊಂಡೆ. ಕಕ್ಕುವವರ ಹಣೆ ಹಿಡಿಯಬೇಕು, ಇಲ್ಲದಿದ್ದರೆ ಕಣ್ಣು ಕತ್ತಲೆ ಬರುತ್ತದೆ. ಎಷ್ಟೋ ಜನರ ಹಣೆ ಹಿಡಿದಿದ್ದೆನಲ್ಲ, ಹಾಗೆ ಹಿಡಿದ ಕೈ ಎಷ್ಟು ತಂಪಾಗಿರುತ್ತದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಮಾಡಬೇಕಾದದ್ದೆಲ್ಲ ಬಾಯಿಪಾಠ ಬರುತ್ತಿತ್ತು, ಆದರೆ ಮನೆಯಲ್ಲಿ ಒಂದೂ ಇರಲಿಲ್ಲ. ಕುಚ್ಚಲಕ್ಕಿಯೂ ಪುನರ್ಪುಳಿಯೂ ಅಕ್ಕನ ಮನೆಯ ಫ್ರಿಜ್ಜಿನ ಪಕ್ಕದಲ್ಲಿ ಗಂಟು ಬಿಚ್ಚದೆ ಕೂತಿದ್ದವು. ಬೊಂಡ ಮರದ ತುದಿಯಲ್ಲಿ. ಡಬ್ಬದ ತಳದಲ್ಲಿದ್ದ ಒಂದು ಹಿಡಿ ದೋಸೆ ಅಕ್ಕಿಯನ್ನೇ ಒಲೆಗೆ ಇಟ್ಟೆ. ಅದು ಕುದಿಯುವ ವಾಸನೆ ಬಂದದ್ದೇ ಮುಖ ತಿರುಗಿಸಿದೆ. ಗಂಜಿಗೆ ಮುಖ ತಿರುಗಿಸಿದವರನ್ನು ಸಣ್ಣ ಮಕ್ಕಳ ಹಾಗೆ ಆಡಬೇಡಿ ಎಂದು ಗದರಿಸುತ್ತಿದ್ದೆ. ಈಗ ಗದರಿಸುವವರು ಇದ್ದಿದ್ದರೆ ನಾನು ಕುಡಿಯುತ್ತಿದ್ದೆ. ಇಲ್ಲದ್ದರಿಂದ ಒಲೆ ಆರಿಸಿ ನೀರನ್ನೇ ಸ್ವಲ್ಪ ಸ್ವಲ್ಪ ಕುಡಿಯುತ್ತಾ ನೆಲದ ಮೇಲೆ ಕೂತೆ.

ಫೋನ್ ಬಂತು. ದೊಡ್ಡ ಮಗ.

"ಚಿಕ್ಕಮ್ಮ, ಎದ್ದಿದ್ದೀರಾ? ಅಪ್ಪ ಏಳುವುದಿಲ್ಲ. ಕೇಟರಿಂಗ್‌ನವರ ಗಂಜಿ ಕೊಟ್ಟೆವು, ಎಲ್ಲ ಕಕ್ಕಿದ್ರು. ಏನು ಮಾಡುವುದು?"

"ಗಂಜಿಗೆ ಏನು ಹಾಕಿದ್ದಾರೆ?"

"ತೆಂಗಿನಕಾಯಿ ಹಾಲು, ತುಪ್ಪ. ಒಳ್ಳೆ ಉಂಟು."

"ಒಳ್ಳೆ ಉಂಟು! ಆ ಹೊಟ್ಟೆಗೆ ತುಪ್ಪ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದೆ. ನನ್ನ ಸ್ವರವೇ ನನ್ನ ತಲೆಗೆ ಬಡಿಯಿತು. ಹೇಳಬೇಕಾದದ್ದನ್ನು ಹೇಳಿದೆ. ಕಾಲು ಗಂಟೆ ಹೊಟ್ಟೆಗೆ ಏನೂ ಬೇಡ. ಆಮೇಲೆ ನೀರು, ಚಮಚದಲ್ಲಿ. ಅದು ನಿಂತರೆ ಬರೀ ತಿಳಿ. ಅಪ್ಪನಿಗೆ ಬಿಪಿ ಇದೆ, ಉಪ್ಪು ಚಿಟಿಕೆ ಮಾತ್ರ. ಫ್ರಿಜ್ಜಿನ ಪಕ್ಕ ಚೀಲದಲ್ಲಿ ಪುನರ್ಪುಳಿ ಇದೆ, ನೆನೆಸಲು ಹೇಳು. ಮಾತ್ರೆ ಕೊಡಬೇಡಿ. ಕಕ್ಕುವುದು ನಿಲ್ಲದಿದ್ದರೆ, ಕರೆದಾಗ ಸರಿಯಾಗಿ ಮಾತಾಡದಿದ್ದರೆ, ಮುಹೂರ್ತ ಗಿಹೂರ್ತ ನೋಡಬೇಡ, ಸೀದಾ ಆಸ್ಪತ್ರೆಗೆ ಹೋಗು.

"ಆಯ್ತು, ಆಯ್ತು" ಎಂದ. ಆಮೇಲೆ, "ಚಿಕ್ಕಮ್ಮ, ನಿಮ್ಮ ಸ್ವರ ಯಾಕೆ ಹಾಗೆ ಉಂಟು?"

ಶೀತ ಎನ್ನಬಹುದಿತ್ತು. ಆದರೆ ಯಾಕೆಂದು ಕೇಳಿದನಲ್ಲ. "ನನಗೂ ಇಳಿದಿಲ್ಲ ಮಾರಾಯ. ನಿನ್ನೆ ಬರೀ ಹೊಟ್ಟೆಗೆ ಕುಡಿದೆ" ಎಂದೆ.

ಅವನು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಕೇಳಿದ್ರಾ? ಚಿಕ್ಕಮ್ಮ ಔಟ್!" ಎಂದು ಮನೆಗೇ ಕೂಗಿ ಹೇಳಿದ. ಅವನ ಹೆಂಡತಿ ನಕ್ಕಳು, ಅಕ್ಕ "ಏನು, ಇವಳಾ?" ಎಂದಳು, ಮದುಮಗನೂ ನಕ್ಕ. ಅಷ್ಟು ದೂರದಿಂದ ಎಲ್ಲರ ಸ್ವರವೂ ಬೇರೆ ಬೇರೆಯಾಗಿ ಗೊತ್ತಾಯಿತು. ನಾನೂ ನಕ್ಕೆ, ನಕ್ಕರೆ ತಲೆ ಒಡೆಯುತ್ತಿತ್ತು, ಆದರೂ ನಕ್ಕೆ. "ನೀವು ಬಸ್ಸಲ್ಲಿ ಬರುವುದು ಬೇಡ ಚಿಕ್ಕಮ್ಮ, ನಾನು ಕಾರು ಕಳಿಸ್ತೇನೆ. ರೆಡಿಯಾಗಿ ಇರಿ" ಎಂದು ಹೇಳಿದ. ಹಿಂದಿನಿಂದ ಫೋಟೋದವರು ಬಂದರು ಎಂದು ಯಾರೋ ಕರೆದರು, ಫೋನ್ ಕಟ್ ಆಯಿತು.

ಎದ್ದು, ಒಲೆ ಹೊತ್ತಿಸಿ, ಮೂಗು ಬಿಗಿ ಹಿಡಿದು ಗಂಜಿಯ ತಿಳಿ ಕುಡಿದೆ. ನಿಂತಿತು. ಬಿಸಿನೀರಲ್ಲಿ ಮಿಂದು ಬಂಟ್ವಾಳದ ಹೊಸ ಸೀರೆ ಉಟ್ಟೆ. ಬಾಗಿಲು ಹಾಕಿ, ಕೀಯನ್ನು ಬ್ಯಾಗಿಗೆ ಹಾಕಿ, ಹೊರಗಿನ ಜಗಲಿಯಲ್ಲಿ ಕೂತೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿದ್ದರೂ ರಸ್ತೆ ಕಾಣುವ ಬದಿಗೇ ಕೂತೆ.

ಸಿದ್ದಕಟ್ಟೆಯ ಕಡೆ ಹೋಗುವ ಬಸ್ಸು ಬಂತು. ಸಿದ್ದಕಟ್ಟೆಯಲ್ಲಿ ಇಳಿದರೆ ಮೂಡುಬಿದಿರೆಗೆ ಬೇರೆ ಬಸ್ಸು ಸಿಗುತ್ತದೆ, ಮುಹೂರ್ತಕ್ಕೆ ಧಾರಾಳ ಮುಟ್ಟಬಹುದಿತ್ತು. ನಾನು ಏಳಲಿಲ್ಲ. ಪೇಟೆಯಲ್ಲಿ ರಿಕ್ಷಾಗಳೂ ಇದ್ದವು. ಒಬ್ಬ ರಿಕ್ಷಾದವ ನಿಧಾನ ಮಾಡಿ "ಮದುವೆಗಾ ಅಕ್ಕಾ? ಬಿಡ್ಬೇಕಾ?" ಎಂದು ಕೇಳಿದ. "ಕಾರು ಬರ್ಲಿಕ್ಕುಂಟು" ಎಂದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಫೋನ್ ಮಾಡಿ ಕಾರು ಎಲ್ಲಿಗೆ ಮುಟ್ಟಿತು ಎಂದು ಕೇಳಬಹುದಿತ್ತು. ಆದರೆ ಕೇಳಿ ತರಿಸಿಕೊಳ್ಳುವ ಕಾರು ನನಗೆ ಬೇಕಿರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಒಬ್ಬರು ಬರಬೇಕು ಎಂಬ ಒಂದೇ ಹಠ. ಇಷ್ಟು ವಯಸ್ಸಾಗಿ ಇದೆಂಥ ಹಠ ಎಂದು ನನಗೇ ನಾಚಿಕೆಯಾಯಿತು, ಆದರೂ ಏಳಲಿಲ್ಲ. ಇನ್ನೊಂದು ಬಸ್ಸೂ ಹೋಯಿತು. ಜಗಲಿಯ ನೆರಳು ಗೋಡೆಯವರೆಗೆ ಸರಿಯಿತು. ಅಭಿಜಿನ್ ಲಗ್ನದ ಹೊತ್ತು ಬಂದು ದಾಟಿತು.

ಸ್ವಲ್ಪ ಹೊತ್ತಿನ ಮೇಲೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು. ಮಂಟಪದಲ್ಲಿ ಮದುಮಕ್ಕಳು, ಎರಡೂ ಬದಿಗೆ ನಮ್ಮವರೆಲ್ಲ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಸಾಲಿನಲ್ಲಿ ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ. ದೊಡ್ಡದು ಮಾಡಿ ಭಾವನ ಮುಖ ನೋಡಿದೆ. ಕಣ್ಣು ಕೆಂಪಾಗಿತ್ತು, ಆದರೆ ನೆಟ್ಟಗೆ ನಿಂತಿದ್ದರು. ಕೆಳಗೆ ದೊಡ್ಡ ಮಗನ ಹೆಂಡತಿ ಬರೆದಿದ್ದಳು: ಚಿಕ್ಕಮ್ಮನ ಮದ್ದು ಸೂಪರ್, ಮಾವ ರೆಡಿ.

ಕಾರು ಬರಲಿಲ್ಲ ಎಂದು ಟೈಪ್ ಮಾಡಿದೆ. ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತೆ. ಕಳಿಸಿದರೆ ಅಯ್ಯೋ ಎನ್ನುತ್ತಾರೆ, ಗಡಿಬಿಡಿಯಲ್ಲಿ ಮರೆತುಹೋಯಿತು ಎನ್ನುತ್ತಾರೆ, ಅದು ಸುಳ್ಳೂ ಆಗಿರುವುದಿಲ್ಲ. ಅಳಿಸಿದೆ. ಮಧ್ಯಾಹ್ನ ಭಾವನಿಗೆ ಪಾಯಸ ಕೊಡಬೇಡಿ, ಮಜ್ಜಿಗೆ ಅನ್ನ ಮಾತ್ರ ಬಡಿಸಿ ಎಂದು ಬರೆದು ಕಳಿಸಿದೆ. ಒಬ್ಬರಾದ ಮೇಲೆ ಒಬ್ಬರಂತೆ ಎಲ್ಲರೂ ಹೆಬ್ಬೆರಳು ಎತ್ತಿದರು.